ಕ್ರೀಮಿನ ಡಬ್ಬಿಯ ಕಾವಲುಗಾರರು

ಚರ್ಮದ ಆರೈಕೆಯನ್ನು ಕುರಿತ ಮಾತುಕತೆಯ ಚಿತ್ರೀಕರಣ ಮುಗಿಯಲು ಎರಡು ನಿಮಿಷ ಉಳಿದಿತ್ತು. ಪ್ರೇಕ್ಷಕರ ಸಾಲಿನಲ್ಲಿದ್ದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಚೀಲದಿಂದ ಒಂದು ಕ್ರೀಮಿನ ಡಬ್ಬಿ ಹೊರತೆಗೆದಳು. "ಇದರ ಮೇಲೆ 'ಪ್ಯಾರಾಬೆನ್ ಇಲ್ಲ' ಅಂತ ದೊಡ್ಡದಾಗಿ ಬರೆದಿದ್ದಾರೆ, ಮೇಡಂ. ಅದು ಇಲ್ಲ ಅಂದಮೇಲೆ ಅದರ ಜಾಗದಲ್ಲಿ ಏನು ಹಾಕಿದ್ದಾರೆ?" ಎಂದು ಕೇಳಿದಳು. ಅತಿಥಿಯಾಗಿ ಬಂದಿದ್ದ ಚರ್ಮವೈದ್ಯೆ "ಒಳ್ಳೆಯ ಪ್ರಶ್ನೆ" ಎಂದು ಆರಂಭಿಸುವಷ್ಟರಲ್ಲಿ ಸಮಯ ಮುಗಿದಿತ್ತು. ಕಾರ್ಯಕ್ರಮವನ್ನು ನಿಲ್ಲಿಸಿದ ನಿರ್ಮಾಪಕ ನಾನೇ. ಹಾಗಾಗಿ ಆ ಹುಡುಗಿಗೆ ಒಂದು ಉತ್ತರದ ಸಾಲ ನನ್ನ ಮೇಲೆ ಉಳಿದಿದೆ. ಈ ಲೇಖನ ಅದರ ತೀರುವಳಿ.

ಅವಳ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಸಾಲದು. ಅದರ ಹಿಂದೆ ಸುಮಾರು ನೂರು ವರ್ಷಗಳ ಚರಿತ್ರೆ ಇದೆ. ಒಂದು ಡಬ್ಬಿ ಕ್ರೀಮು ಕೆಡದಂತೆ ಕಾಯಲು ಮನುಷ್ಯ ಒಬ್ಬೊಬ್ಬರನ್ನಾಗಿ ಕಾವಲಿಗೆ ನೇಮಿಸಿದ, ಕೆಲವರನ್ನು ವಜಾ ಮಾಡಿದ, ಕೆಲವೊಮ್ಮೆ ಹಳಬನನ್ನು ಅನುಮಾನಿಸಿ ಹೊರಗಟ್ಟಿ ಅವನಿಗಿಂತ ತೊಂದರೆ ಕೊಡುವವನನ್ನು ಒಳಗೆ ಕರೆದುಕೊಂಡ. ಈ ಕಾವಲುಗಾರರ ಹೆಸರು ಸಂರಕ್ಷಕಗಳು.

ಒಣಗಿದ್ದು, ಜಿಡ್ಡಿನದು, ಅಂದಂದಿನದು

ನಮ್ಮ ಅಜ್ಜಿಯರ ಕಾಲದ ಸೌಂದರ್ಯಸಾಧನಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ಸೀಗೆಪುಡಿ, ಕಡಲೆಹಿಟ್ಟು, ಅರಿಶಿನ, ಗಂಧದ ಕೊರಡು ಇವೆಲ್ಲ ಒಣ ಪದಾರ್ಥಗಳು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ದೀಪದ ಮಸಿಯನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿದ ಕಾಡಿಗೆ ಇವು ಜಿಡ್ಡಿನ ಪದಾರ್ಥಗಳು. ನೀರು ಬೇಕಾಗುತ್ತಿದ್ದುದು ಗಂಧ ತೇಯುವಾಗ, ಹಿಟ್ಟು ಕಲಸುವಾಗ, ಸೀಗೆ ನೆನೆಸುವಾಗ ಮಾತ್ರ. ಅದನ್ನು ಅಂದಂದಿಗೆ ಸೇರಿಸಿ ಅಂದಂದೇ ಬಳಸಿ ಮುಗಿಸುತ್ತಿದ್ದರು. ಉಳಿದರೆ ಚೆಲ್ಲುತ್ತಿದ್ದರು.

ಇದರಲ್ಲಿ ಅಡಗಿರುವ ವಿಜ್ಞಾನ ಉಪ್ಪಿನಕಾಯಿ ಭರಣಿಯ ಮುಂದೆ ಬೈಸಿಕೊಂಡ ಪ್ರತಿ ಮಗುವಿಗೂ ಗೊತ್ತಿದೆ. ಒದ್ದೆ ಸೌಟು ಹಾಕಿದರೆ ಉಪ್ಪಿನಕಾಯಿ ಬೂಷ್ಟು ಹಿಡಿಯುತ್ತದೆ. ಬ್ಯಾಕ್ಟೀರಿಯ, ಯೀಸ್ಟ್, ಬೂಷ್ಟು ಈ ಮೂರು ಬಗೆಯ ಸೂಕ್ಷ್ಮಜೀವಿಗಳೂ ಬೆಳೆಯಲು ನೀರು ಬೇಕು. ನೀರಿಲ್ಲದ ಎಣ್ಣೆ ಗಾಳಿಯ ಆಮ್ಲಜನಕ ತಗುಲಿ ಕಮಟಾಗಬಹುದು, ಆದರೆ ಅದರಲ್ಲಿ ಬ್ಯಾಕ್ಟೀರಿಯ ಸಂಸಾರ ಹೂಡುವುದು ಕಷ್ಟ. ಬಿಲ್ಲೆ ಸಾಬೂನಿನ ವಿಷಯವೂ ಹೀಗೆಯೇ. ಮೈಸೂರು ಸಂಸ್ಥಾನದ ಸರ್ಕಾರಿ ಕಾರ್ಖಾನೆಯಿಂದ 1918ರಲ್ಲಿ ಹೊರಬಂದ ಶ್ರೀಗಂಧದ ಸಾಬೂನು ನಮಗೆಲ್ಲ ಪರಿಚಿತ. ಅಂಥ ಗಟ್ಟಿ ಬಿಲ್ಲೆಯಲ್ಲಿ ನೀರು ಕಡಿಮೆ, ಪ್ರತ್ಯಾಮ್ಲೀಯ ಗುಣ ಹೆಚ್ಚು. ಸೂಕ್ಷ್ಮಜೀವಿಗಳಿಗೆ ಎರಡೂ ಒಗ್ಗದು. ಬಚ್ಚಲುಮನೆಯಲ್ಲಿ ತಿಂಗಳುಗಟ್ಟಲೆ ಇದ್ದರೂ ಸಾಬೂನಿನ ಬಿಲ್ಲೆಗೆ ಬೂಷ್ಟು ಹಿಡಿಯದಿರುವುದು ಇದರಿಂದ. ಕೈತೊಳೆಯುವ ದ್ರವವನ್ನು ಸೀಸೆಯಲ್ಲಿ ತುಂಬುವಾಗ ಮಾತ್ರ ಸಂರಕ್ಷಕ ಬೇಕಾಗುತ್ತದೆ. ಅದರಲ್ಲಿ ಬಹುಪಾಲು ನೀರು.

ಗ್ಯಾಲೆನ್ನನ ಕ್ರೀಮಿನಿಂದ ಸ್ನೋವರೆಗೆ

ನೀರನ್ನೂ ಎಣ್ಣೆಯನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸುವ ಕಲೆ ಹಳೆಯದು. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಪನ್ನೀರು ಸೇರಿಸಿ ಮಾಡಿದ ಲೇಪವನ್ನು ಕೋಲ್ಡ್ ಕ್ರೀಮಿನ ಮೂಲಪುರುಷನೆಂದು ಕರೆಯುತ್ತಾರೆ. ಹಚ್ಚಿದಾಗ ಅದರ ನೀರು ಆರಿ ಚರ್ಮ ತಂಪಾಗುತ್ತಿತ್ತು. ಆದರೆ ಅದು ಬಾಳಿಕೆ ಬರುತ್ತಿರಲಿಲ್ಲ. ಎಣ್ಣೆ ಕಮಟಾಗುತ್ತಿತ್ತು, ನೀರು ಬೇರ್ಪಡುತ್ತಿತ್ತು. ಔಷಧಿ ಅಂಗಡಿಯವರು ಬೇಕಾದಾಗ ಬೇಕಾದಷ್ಟನ್ನೇ ಮಾಡಿಕೊಡುತ್ತಿದ್ದರು. 19ನೆಯ ಶತಮಾನದಲ್ಲಿ ಬಿಳಿಗಾರ ಸೇರಿಸಿ ಜೇನುಮೇಣವನ್ನೂ ನೀರನ್ನೂ ಚೆನ್ನಾಗಿ ಬೆಸೆಯುವುದನ್ನು ಕಲಿತರು. ಬಳಿಕ ಸಸ್ಯದ ಎಣ್ಣೆಗೆ ಬದಲು ಕಮಟಾಗದ ಖನಿಜ ಎಣ್ಣೆ ಬಂತು.

ಇಷ್ಟಾದ ಮೇಲೆ ಕ್ರೀಮು ಅಡುಗೆಮನೆಯ ಸರಕಾಗಿ ಉಳಿಯಲಿಲ್ಲ, ಕಾರ್ಖಾನೆಯ ಸರಕಾಯಿತು. 1892ರಲ್ಲಿ ಲಂಡನ್ನಿನ ಬರೋಸ್ ವೆಲ್ಕಮ್ ಕಂಪನಿ 'ಹೇಜಲೀನ್ ಸ್ನೋ'ವನ್ನು ಮಾರುಕಟ್ಟೆಗೆ ತಂದಿತು. 1919ರಲ್ಲಿ ಮುಂಬಯಿಯ ಇ. ಎಸ್. ಪಾಟನ್‌ವಾಲಾ ಅವರ 'ಅಫ್ಘಾನ್ ಸ್ನೋ' ಬಂತು. 'ಸ್ನೋ ಪೌಡರು' ಎಂಬ ಜೋಡಿಮಾತು ಕನ್ನಡದ ಮನೆಮಾತಾದದ್ದು ಈ ಬಗೆಯ ಬಿಳಿಯ ಕ್ರೀಮುಗಳಿಂದ. ಹಚ್ಚಿದ ಕೂಡಲೇ ಮಾಯವಾಗುವ ಈ ಸ್ನೋಗಳಲ್ಲಿ ಸ್ಟಿಯರಿಕ್ ಆಮ್ಲ, ಸ್ವಲ್ಪ ಪ್ರತ್ಯಾಮ್ಲ, ಮಿಕ್ಕಂತೆ ಬಹುಪಾಲು ನೀರು. ಡಬ್ಬಿ ಕಾರ್ಖಾನೆಯಿಂದ ಹಡಗಿಗೆ, ಹಡಗಿನಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ಮನೆಗೆ ಬಂದ ಮೇಲೆ ದಿನವೂ ಅದರಲ್ಲಿ ಬೆರಳದ್ದುತ್ತಿದ್ದರು. ಅಂಥ ಡಬ್ಬಿಗೆ ಒಬ್ಬ ಕಾವಲುಗಾರ ಬೇಕಾದ.

ಸಾಂಬ್ರಾಣಿಯ ಆಮ್ಲ ಮತ್ತು ಅದರ ತಮ್ಮಂದಿರು

ಆ ಕಾಲಕ್ಕೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪದಾರ್ಥಗಳು ಗೊತ್ತಿರಲಿಲ್ಲವೆಂದಲ್ಲ. 1867ರಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಪ್ರಕಟಿಸಿದ್ದ. ಆದರೆ ಕಾರ್ಬಾಲಿಕ್ ಆಮ್ಲ ಚರ್ಮವನ್ನು ಸುಡುತ್ತದೆ, ವಾಸನೆಯೂ ಘಾಟು. ಮುಖಕ್ಕೆ ಹಚ್ಚುವ ಕ್ರೀಮಿಗೆ ಅದು ತಕ್ಕದ್ದಲ್ಲ. ಮತ್ತೊಂದು ಪದಾರ್ಥ ಬೆಂಜೋಯಿಕ್ ಆಮ್ಲ. ಇದು ಮೊದಲು ಸಿಕ್ಕಿದ್ದು ನಾವು ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸುವ ಸಾಂಬ್ರಾಣಿಯಿಂದ. 1875ರಲ್ಲಿ ಜರ್ಮನಿಯ ಸಾಲ್ಕೋವ್‌ಸ್ಕಿ ಅದಕ್ಕೆ ಬೂಷ್ಟನ್ನು ತಡೆಯುವ ಗುಣವಿದೆಯೆಂದು ಕಂಡ. ಹಣ್ಣಿನ ರಸ, ಉಪ್ಪಿನಕಾಯಿಗಳಲ್ಲಿ ಇಂದಿಗೂ ಅದರ ಲವಣವನ್ನು ಬಳಸುತ್ತಾರೆ.

ಆದರೆ ಸ್ನೋದಲ್ಲಿ ಬೆಂಜೋಯಿಕ್ ಆಮ್ಲ ಸೋಲುತ್ತಿತ್ತು. ಇದಕ್ಕೆ ಕಾರಣವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಹುದು. ಹುಳಿಯಾದ ದ್ರವದಲ್ಲಿ ಈ ಆಮ್ಲದ ಅಣು ಇಡಿಯಾಗಿ ಇರುತ್ತದೆ. ಇಡಿಯಾದ ಅಣು ಸೂಕ್ಷ್ಮಜೀವಿಯ ಕೋಶದ ಪೊರೆಯನ್ನು ದಾಟಿ ಒಳಹೊಕ್ಕು ತನ್ನ ಕೆಲಸ ಮಾಡುತ್ತದೆ. ದ್ರವ ಪ್ರತ್ಯಾಮ್ಲದ ಕಡೆಗೆ ವಾಲಿದರೆ ಅಣು ತನ್ನ ಹೈಡ್ರೊಜನ್ ಅಯಾನನ್ನು ಕಳೆದುಕೊಂಡು ವಿದ್ಯುದಾವೇಶ ಪಡೆಯುತ್ತದೆ. ಆವೇಶ ಹೊತ್ತ ಕಣಕ್ಕೆ ಜಿಡ್ಡಿನ ಪೊರೆಯನ್ನು ದಾಟುವುದು ಕಷ್ಟ. ಕಾವಲುಗಾರ ಬಾಗಿಲ ಹೊರಗೇ ಉಳಿಯುತ್ತಾನೆ. ಸಾಬೂನಿನ ಗುಣವುಳ್ಳ ಸ್ನೋದಲ್ಲಿ ಆಗುತ್ತಿದ್ದುದು ಇದೇ.

1920ರ ದಶಕದ ಆರಂಭದಲ್ಲಿ ಬರ್ಲಿನ್ನಿನ ಔಷಧ ರಸಾಯನಜ್ಞ ಥಿಯೊಡೋರ್ ಸಬಾಲಿಚ್ಕ ಇದಕ್ಕೊಂದು ಉಪಾಯ ಸೂಚಿಸಿದ. ಬೆಂಜೋಯಿಕ್ ಆಮ್ಲದ ಬಂಧುವಾದ ಪ್ಯಾರಾ ಹೈಡ್ರಾಕ್ಸಿ ಬೆಂಜೋಯಿಕ್ ಆಮ್ಲವನ್ನು ತೆಗೆದುಕೊಂಡು, ಅದರ ಆಮ್ಲದ ತುದಿಗೆ ಆಲ್ಕೊಹಾಲನ್ನು ಜೋಡಿಸಿ ಎಸ್ಟರ್ ಮಾಡುವುದು. ಆಗ ಆ ತುದಿ ಮುಚ್ಚಿಹೋಗುತ್ತದೆ. ಹುಳಿಯಿಲ್ಲದ ಕ್ರೀಮಿನಲ್ಲಿಯೂ ಅಣುವಿನ ಬಹುಭಾಗ ಇಡಿಯಾಗಿಯೇ ಉಳಿಯುತ್ತದೆ. ಈ ಎಸ್ಟರುಗಳ ಕುಟುಂಬವೇ ಪ್ಯಾರಾಬೆನ್‌ಗಳು. ಮೀಥೈಲ್ ಆಲ್ಕೊಹಾಲು ಸೇರಿದರೆ ಮೀಥೈಲ್ ಪ್ಯಾರಾಬೆನ್, ಪ್ರೊಪೈಲ್ ಸೇರಿದರೆ ಪ್ರೊಪೈಲ್ ಪ್ಯಾರಾಬೆನ್. ಆಲ್ಕೊಹಾಲಿನ ಸರಪಳಿ ಉದ್ದವಾದಷ್ಟೂ ಶಕ್ತಿ ಹೆಚ್ಚು, ಆದರೆ ನೀರಿನಲ್ಲಿ ಕರಗುವುದು ಕಡಿಮೆ. ಸೂಕ್ಷ್ಮಜೀವಿಗಳು ವಾಸಿಸುವುದು ಕ್ರೀಮಿನ ನೀರಿನ ಭಾಗದಲ್ಲಿ; ಕಾವಲುಗಾರನೂ ಅಲ್ಲಿಯೇ ಇರಬೇಕು. ಆದ್ದರಿಂದ ಮೀಥೈಲ್, ಪ್ರೊಪೈಲ್ ಅಣ್ಣತಮ್ಮಂದಿರನ್ನು ಜೊತೆಯಾಗಿ ಹಾಕುವ ರೂಢಿ ಬೆಳೆಯಿತು. ಬಣ್ಣವಿಲ್ಲ, ಘಾಟಿಲ್ಲ, ಬೆಲೆ ಕಡಿಮೆ, ನೂರು ಗ್ರಾಂ ಕ್ರೀಮಿಗೆ ಗ್ರಾಮಿನ ಹತ್ತನೆಯ ಕೆಲವು ಭಾಗಗಳಷ್ಟು ಸಾಕು. ಮುಂದಿನ ಎಪ್ಪತ್ತು ಎಂಬತ್ತು ವರ್ಷ ಜಗತ್ತಿನ ಕ್ರೀಮು, ಔಷಧ, ಮುಲಾಮುಗಳ ಕಾವಲು ಹೆಚ್ಚಾಗಿ ಇವರದೇ ಆಯಿತು.

ಕಾವಲು ತಪ್ಪಿದಾಗ

ಸಂರಕ್ಷಕಗಳು ವ್ಯಾಪಾರಿಗಳ ಅನುಕೂಲಕ್ಕೆ ಮಾತ್ರ ಇರುವುವೆಂದು ಹಲವರು ತಿಳಿದಿದ್ದಾರೆ. ಕಾವಲು ತಪ್ಪಿದ ಮೂರು ಪ್ರಸಂಗಗಳನ್ನು ನೋಡಿದರೆ ಆ ಅಭಿಪ್ರಾಯ ಬದಲಾದೀತು.

ಮೊದಲನೆಯದು 1946ರಲ್ಲಿ ನ್ಯೂಜಿಲೆಂಡಿನಿಂದ ಬಂದ ವರದಿ. ನವಜಾತ ಶಿಶುಗಳ ಹೊಕ್ಕುಳಿಗೆ ಹಚ್ಚಿದ ಟಾಲ್ಕಂ ಪುಡಿಯಿಂದ ಧನುರ್ವಾಯು ತಗುಲಿ ಶಿಶುಗಳು ಸತ್ತವು. ಟಾಲ್ಕ್ ನೆಲದಿಂದ ಅಗೆದು ತೆಗೆಯುವ ಖನಿಜ. ಧನುರ್ವಾಯುವಿನ ಬ್ಯಾಕ್ಟೀರಿಯ ಇರುವುದೂ ಮಣ್ಣಿನಲ್ಲಿ. ಒಣ ಪುಡಿಯಲ್ಲಿ ಅವು ಬೆಳೆಯುವುದಿಲ್ಲ ನಿಜ, ಆದರೆ ಬೀಜಕಗಳಾಗಿ ಮಲಗಿರುತ್ತವೆ. ಒಣಗಿದ್ದೆಲ್ಲ ಶುದ್ಧವಲ್ಲ ಎಂಬುದು ಇಲ್ಲಿನ ಪಾಠ. ಇಂಥ ಪುಡಿಗೆ ಬೇಕಾಗಿದ್ದುದು ಸಂರಕ್ಷಕವಲ್ಲ, ಮೊದಲೇ ಮಾಡಬೇಕಿದ್ದ ನಿರ್ಜೀವೀಕರಣ.

ಎರಡನೆಯದು 1967ರದು. ಅಮೆರಿಕದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ರೋಗಿಗಳ ರಕ್ತಕ್ಕೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯ ಸೇರಿ ನಂಜಾಗುತ್ತಿತ್ತು. ಹುಡುಕುತ್ತ ಹೋದಾಗ ಅದರ ಮೂಲ ಸಿಕ್ಕಿದ್ದು ಸಿಬ್ಬಂದಿಯ ಕೈಗೆ ಹಚ್ಚಿಕೊಳ್ಳಲು ಗೋಡೆಗೆ ಹಾಕಿದ್ದ ಕ್ರೀಮಿನ ಪಾತ್ರೆಯಲ್ಲಿ. ಕೈ ತೊಳೆದು ಶುದ್ಧ ಮಾಡಿಕೊಂಡವರು ಕ್ರೀಮು ಹಚ್ಚಿಕೊಂಡು ರೋಗವನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಿದ್ದರು.

ಮೂರನೆಯದು ಕಣ್ಣಿಗೆ ಸಂಬಂಧಿಸಿದ್ದು. 1970ರ ದಶಕದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ನೇತ್ರತಜ್ಞ ಲೂಯಿ ವಿಲ್ಸನ್ ಮತ್ತು ಸೂಕ್ಷ್ಮಜೀವಿಶಾಸ್ತ್ರಜ್ಞ ಡೊನಾಲ್ಡ್ ಅಹರ್ನ್ ರೆಪ್ಪೆಗೆ ಹಚ್ಚುವ ಮಸ್ಕಾರವನ್ನು ಅಧ್ಯಯನ ಮಾಡಿದರು. ಹಚ್ಚುವಾಗ ಕುಂಚ ಜಾರಿ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಗೀಚಿಹೋದ ಹೆಂಗಸರಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯದಿಂದ ಹುಣ್ಣಾಗಿದ್ದುದನ್ನು 1977ರಲ್ಲಿ ಪ್ರಕಟಿಸಿದರು. ಈ ಬ್ಯಾಕ್ಟೀರಿಯ ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ಹೊಸ ಡಬ್ಬಿಗಳು ಸಾಮಾನ್ಯವಾಗಿ ಶುದ್ಧವಾಗಿಯೇ ಇದ್ದವು. ಕೆಡುತ್ತಿದ್ದುದು ಬಳಸುತ್ತ ಬಳಸುತ್ತ, ಕುಂಚ ಹೊರಗೂ ಒಳಗೂ ಓಡಾಡಿದ ಹಾಗೆಲ್ಲ.

ದೂರದರ್ಶನದ ಪ್ರಸಾಧನ ಕೊಠಡಿಯನ್ನು ವರ್ಷಗಟ್ಟಲೆ ನೋಡಿದ ನನಗೆ ಈ ಮೂರನೆಯ ಪ್ರಸಂಗ ಮರೆಯುವಂಥದಲ್ಲ. ಒಂದೇ ಸ್ಪಂಜನ್ನು ಒದ್ದೆ ಮಾಡಿ ಹತ್ತು ಮುಖಗಳಿಗೆ ಬಳಿಯುವುದನ್ನು, ಒಂದೇ ಕಾಡಿಗೆ ಕಡ್ಡಿ ನಾಟಕದ ಇಡೀ ತಂಡವನ್ನು ಸುತ್ತಿ ಬರುವುದನ್ನು ನಾನು ಕಂಡಿದ್ದೇನೆ. ಯಾವ ಸಂರಕ್ಷಕವೂ ಅಂಥ ಅಭ್ಯಾಸಕ್ಕೆ ಸಾಟಿಯಾಗಲಾರದು.

1969ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯ 250 ಸೌಂದರ್ಯಸಾಧನಗಳನ್ನು ಪರೀಕ್ಷಿಸಿದಾಗ ಸುಮಾರು ಕಾಲುಭಾಗದಲ್ಲಿ ಸೂಕ್ಷ್ಮಜೀವಿಗಳಿದ್ದವು. ಇಂಥ ವರದಿಗಳ ನಂತರ ಉದ್ಯಮ ಎಚ್ಚೆತ್ತಿತು. ತಯಾರಾದ ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯ, ಯೀಸ್ಟ್, ಬೂಷ್ಟುಗಳನ್ನು ಸೇರಿಸಿ, 28 ದಿನಗಳವರೆಗೆ ಅವು ಎಷ್ಟು ಬೇಗ ಸಾಯುತ್ತವೆಂದು ಎಣಿಸುವ ಸವಾಲು ಪರೀಕ್ಷೆ ರೂಢಿಗೆ ಬಂತು. ಇಂದಿಗೂ ಕಾವಲುಗಾರನ ಅರ್ಹತೆ ಅಳೆಯುವುದು ಹೀಗೆಯೇ.

ಕಾವಲುಗಾರನೇ ಕೈಮಾಡಿದಾಗ

ಇನ್ನೊಂದು ಮುಖವನ್ನೂ ಮುಚ್ಚಿಡುವಂತಿಲ್ಲ. ಜೀವಿಯನ್ನು ಕೊಲ್ಲಬಲ್ಲ ಪದಾರ್ಥ ನಮ್ಮ ಜೀವಕೋಶಗಳ ಬಳಿಯೂ ಸುಮ್ಮನಿರಲಾರದು. ಎಲ್ಲವೂ ಪ್ರಮಾಣವನ್ನು ಅವಲಂಬಿಸಿದೆ.

ಹೆಕ್ಸಾಕ್ಲೋರೊಫೀನ್ ಎಂಬ ಸೂಕ್ಷ್ಮಜೀವಿನಾಶಕ 1950, 60ರ ದಶಕಗಳಲ್ಲಿ ಸಾಬೂನು, ಪೌಡರುಗಳಲ್ಲಿ ಬಹಳ ಜನಪ್ರಿಯವಾಗಿತ್ತು. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಶಿಶು ಪೌಡರಿಗೆ ತಯಾರಿಕೆಯ ತಪ್ಪಿನಿಂದ ಈ ಪದಾರ್ಥ ನೂರಕ್ಕೆ 6 ಭಾಗಕ್ಕೂ ಹೆಚ್ಚು ಸೇರಿಹೋಯಿತು. ಶಿಶುಗಳ ತೆಳು ಚರ್ಮದ ಮೂಲಕ ಅದು ರಕ್ತಕ್ಕೂ ಮಿದುಳಿಗೂ ಇಳಿಯಿತು. 36 ಮಕ್ಕಳು ಸತ್ತರು. ಅದೇ ವರ್ಷ ಅಮೆರಿಕ ಅದರ ಬಳಕೆಯನ್ನು ಬಿಗಿಯಾಗಿ ಮಿತಿಗೊಳಿಸಿತು, ಇತರ ದೇಶಗಳಲ್ಲಿಯೂ ನಿರ್ಬಂಧಗಳು ಬಂದವು.

ಮತ್ತೊಂದು ಫಾರ್ಮಾಲ್ಡಿಹೈಡ್. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಗಾಜಿನ ಭರಣಿಯೊಳಗೆ ಕುಳಿತ ಕಪ್ಪೆಯನ್ನು ನೀವು ನೋಡಿದ್ದೀರಿ. ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡಿನ ಜಲದ್ರಾವಣ. ಶಾಂಪೂಗಳಲ್ಲಿ ಇದನ್ನು ನೇರವಾಗಿ ಹಾಕುವ ಬದಲು, ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುವ ಸಂಯುಕ್ತಗಳನ್ನು ಕಂಡುಹಿಡಿದರು. ಇಮಿಡಾಜೊಲಿಡಿನೈಲ್ ಯೂರಿಯ, ಕ್ವಾಟರ್ನಿಯಮ್-15, ಡಿಎಂಡಿಎಂ ಹೈಡಾಂಟೊಯಿನ್ ಈ ಗುಂಪಿನವು. ಇವುಗಳಿಂದ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ಪದಾರ್ಥಗಳ ಗುಂಪಿಗೆ ಸೇರಿಸಿತು. ಅದರ ಆಧಾರ ಮುಖ್ಯವಾಗಿ ಕಾರ್ಖಾನೆಗಳಲ್ಲಿ ಈ ಅನಿಲವನ್ನು ಉಸಿರಾಡಿದವರ ಅಧ್ಯಯನಗಳು. ಯುರೋಪಿನಲ್ಲಿ ಕ್ವಾಟರ್ನಿಯಮ್-15 2019ರಲ್ಲಿ ನಿಷೇಧವಾಯಿತು. ಫಾರ್ಮಾಲ್ಡಿಹೈಡ್ ಬಿಡುಗಡೆಯಾಗುವ ಪದಾರ್ಥಗಳ ಮೇಲೆ ಎಚ್ಚರಿಕೆ ಮುದ್ರಿಸಬೇಕಾದ ಮಿತಿಯನ್ನು 2022ರಲ್ಲಿ ದಶಲಕ್ಷಕ್ಕೆ 500 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು.

ಪ್ಯಾರಾಬೆನ್ ಮೇಲೆ ಬಂದ ಅನುಮಾನ

ಇಷ್ಟೆಲ್ಲ ನಡೆಯುವಾಗಲೂ ಪ್ಯಾರಾಬೆನ್‌ಗಳ ಮೇಲೆ ದೊಡ್ಡ ದೂರು ಇರಲಿಲ್ಲ. ಅಮೆರಿಕದ ಚರ್ಮತಜ್ಞ ಅಲೆಕ್ಸಾಂಡರ್ ಫಿಶರ್ 1973ರಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದ. ಹುಣ್ಣಾದ, ಒಡೆದ ಚರ್ಮಕ್ಕೆ ಹಚ್ಚಿದ ಮುಲಾಮಿನ ಪ್ಯಾರಾಬೆನ್‌ನಿಂದ ಅಲರ್ಜಿಯಾದವರು ಕೂಡ ಅದೇ ಪ್ಯಾರಾಬೆನ್ ಇರುವ ಕ್ರೀಮನ್ನು ಆರೋಗ್ಯವಾದ ಚರ್ಮಕ್ಕೆ ತೊಂದರೆಯಿಲ್ಲದೆ ಹಚ್ಚಿಕೊಳ್ಳಬಲ್ಲವರಾಗಿದ್ದರು.

ಅನುಮಾನ ಬಂದದ್ದು ಬೇರೆ ದಿಕ್ಕಿನಿಂದ. 1998ರಲ್ಲಿ ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಎಡ್ವಿನ್ ರೂಟ್ಲೆಜ್ ಮತ್ತು ಸಂಗಡಿಗರು ಪ್ಯಾರಾಬೆನ್‌ಗಳಿಗೆ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನಿನಂತೆ ವರ್ತಿಸುವ ದುರ್ಬಲ ಗುಣ ಇದೆಯೆಂದು ತೋರಿಸಿದರು. ಅವರು ಪರೀಕ್ಷಿಸಿದವುಗಳಲ್ಲಿ ಹೆಚ್ಚು ಪ್ರಬಲವಾದ ಬ್ಯೂಟೈಲ್ ಪ್ಯಾರಾಬೆನ್ ಕೂಡ ದೇಹದ ಸ್ವಂತ ಹಾರ್ಮೋನಿಗಿಂತ ಸುಮಾರು 10,000 ಪಟ್ಟು ದುರ್ಬಲ. 2004ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನ 20 ಗೆಡ್ಡೆಗಳ ಮಾದರಿಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಇದೆಯೆಂದು ವರದಿ ಮಾಡಿದರು. ಪ್ರಮಾಣ ಒಂದು ಗ್ರಾಮಿಗೆ ಸರಾಸರಿ 20 ನ್ಯಾನೊಗ್ರಾಮಿನಷ್ಟು.

ಸುದ್ದಿ ಜಗತ್ತಿನಾದ್ಯಂತ ಹರಡಿತು. ಹರಡುವಾಗ 'ಗೆಡ್ಡೆಯಲ್ಲಿ ಪ್ಯಾರಾಬೆನ್ ಇತ್ತು' ಎಂಬ ಮಾತು 'ಪ್ಯಾರಾಬೆನ್‌ನಿಂದ ಗೆಡ್ಡೆ ಬಂತು' ಎಂದಾಗಿಬಿಟ್ಟಿತು. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ಅಧ್ಯಯನದಲ್ಲಿ ಆರೋಗ್ಯವಂತ ಅಂಗಾಂಶವನ್ನು ಪರೀಕ್ಷಿಸಿ ಹೋಲಿಸಿರಲಿಲ್ಲ. ಆರೋಗ್ಯವಂತರಲ್ಲೂ ಅಷ್ಟೇ ಪ್ಯಾರಾಬೆನ್ ಇದ್ದರೆ ಅದನ್ನು ರೋಗದ ಕಾರಣವೆಂದು ಹೇಗೆ ಹೇಳುವುದು? ಪ್ಯಾರಾಬೆನ್ ಕ್ಯಾನ್ಸರ್ ತಂದಿತೆಂದು ತಾವು ಹೇಳಿಲ್ಲವೆಂದು ಲೇಖಕರೇ ಬಳಿಕ ಸ್ಪಷ್ಟಪಡಿಸಿದರು. ಅಷ್ಟರಲ್ಲಿ 'ಪ್ಯಾರಾಬೆನ್ ಇಲ್ಲ' ಎಂಬ ಮಾತು ಡಬ್ಬಿಗಳ ಮೇಲೆ ಬಂದಾಗಿತ್ತು.

ಕಾನೂನು ಮಾಡುವವರು ನಡುದಾರಿ ಹಿಡಿದರು. 2011ರಲ್ಲಿ ಡೆನ್ಮಾರ್ಕ್ ಮೂರು ವರ್ಷದೊಳಗಿನ ಮಕ್ಕಳ ಪದಾರ್ಥಗಳಲ್ಲಿ ಪ್ರೊಪೈಲ್, ಬ್ಯೂಟೈಲ್ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. 2014ರಲ್ಲಿ ಐರೋಪ್ಯ ಒಕ್ಕೂಟ ಸುರಕ್ಷತೆಯ ಮಾಹಿತಿ ಸಾಲದಿದ್ದ ಐದು ಪ್ಯಾರಾಬೆನ್‌ಗಳನ್ನು ಕೈಬಿಟ್ಟಿತು, ಪ್ರೊಪೈಲ್ ಮತ್ತು ಬ್ಯೂಟೈಲ್‌ಗಳ ಒಟ್ಟು ಪ್ರಮಾಣವನ್ನು ನೂರಕ್ಕೆ 0.14 ಭಾಗಕ್ಕೆ ಇಳಿಸಿತು, ಮೀಥೈಲ್ ಮತ್ತು ಈಥೈಲ್‌ಗಳನ್ನು ಹಿಂದಿನ ಮಿತಿಯಲ್ಲೇ ಉಳಿಸಿತು. ಒಂದೇ ಕುಟುಂಬದವರಾದರೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

ಹಳಬ ಹೋದ, ಹೊಸಬ ಬಂದ

ಪ್ಯಾರಾಬೆನ್ ತೆಗೆದ ಕಾರ್ಖಾನೆಗಳು ಡಬ್ಬಿಯಿಂದ ನೀರನ್ನು ತೆಗೆಯಲಿಲ್ಲ. ಹಾಗಾಗಿ ಮತ್ತೊಬ್ಬ ಕಾವಲುಗಾರ ಬೇಕಾಯಿತು. ಅವರಲ್ಲಿ ಒಬ್ಬನ ಕತೆ ವಿವರವಾಗಿ ಹೇಳುವಂಥದು.

ಮೀಥೈಲ್ ಐಸೊಥಯಾಜೊಲಿನೋನ್ ಎಂಬ ಸಂಯುಕ್ತವನ್ನು ಸುಲಭಕ್ಕಾಗಿ ಎಂ.ಐ. ಎಂದು ಕರೆಯೋಣ. 1980ರ ಸುಮಾರಿನಲ್ಲಿ ಇದರ ಕ್ಲೋರಿನ್ ಸೇರಿದ ಅಣ್ಣನನ್ನೂ ಇದನ್ನೂ 3ಕ್ಕೆ 1ರಂತೆ ಬೆರೆಸಿ ಸೌಂದರ್ಯಸಾಧನಗಳಲ್ಲಿ ಬಳಸತೊಡಗಿದರು. ಕೆಲವೇ ವರ್ಷಗಳಲ್ಲಿ ಯುರೋಪಿನ ಚರ್ಮವೈದ್ಯರ ಬಳಿ ಅಲರ್ಜಿಯ ರೋಗಿಗಳ ಸಾಲು ಬೆಳೆಯಿತು. ಮಿಶ್ರಣವನ್ನು ದಶಲಕ್ಷಕ್ಕೆ 15 ಭಾಗಕ್ಕೆ ಮಿತಿಗೊಳಿಸಿದರು. ಅಪರಾಧಿ ಹೆಚ್ಚಾಗಿ ಕ್ಲೋರಿನ್ ಸೇರಿದ ಅಣ್ಣನೇ ಎಂಬ ತಿಳುವಳಿಕೆಯಿತ್ತು. ತಮ್ಮನಾದ ಎಂ.ಐ. ಸಾಧು ಎನಿಸಿದ, ಆದರೆ ಅಷ್ಟೇ ದುರ್ಬಲ ಕೂಡ. ಒಬ್ಬನೇ ಕಾವಲು ಕಾಯಬೇಕಾದರೆ ಹೆಚ್ಚು ಪ್ರಮಾಣ ಬೇಕು. 2005ರಲ್ಲಿ ಯುರೋಪಿನಲ್ಲಿ ಎಂ.ಐ. ಒಂದನ್ನೇ ದಶಲಕ್ಷಕ್ಕೆ 100 ಭಾಗದವರೆಗೆ ಬಳಸಲು ಅನುಮತಿ ಸಿಕ್ಕಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹಳೆಯ ಮಿಶ್ರಣದ 15 ಭಾಗದಲ್ಲಿ ಎಂ.ಐ. ಪಾಲು ನಾಲ್ಕನೆಯ ಒಂದು, ಅಂದರೆ 3.75. ಅದು 100ಕ್ಕೆ ಏರಿದರೆ ಸುಮಾರು 27 ಪಟ್ಟು ಹೆಚ್ಚಳ. ಪರಿಣಾಮ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಮುಖ, ಕೈ, ಕಣ್ಣಿನ ರೆಪ್ಪೆ ಕೆಂಪಾಗಿ ಊದಿಕೊಂಡವರು ವೈದ್ಯರಲ್ಲಿಗೆ ಬರತೊಡಗಿದರು. ಎಂ.ಐ. ಇರುವ ಬಣ್ಣವನ್ನು ಹೊಸದಾಗಿ ಗೋಡೆಗೆ ಬಳಿದ ಕೋಣೆಯ ಗಾಳಿಯಿಂದಲೂ ಕೆಲವರಿಗೆ ತೊಂದರೆಯಾಯಿತು. 2013ರಲ್ಲಿ ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘ ಎಂ.ಐ.ಯನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಆರು ಮಕ್ಕಳ ವರದಿ ಬಂತು. ಬಾಯಿಯ ಸುತ್ತ, ಕೈಗಳ ಮೇಲೆ, ಕುಂಡೆಯ ಮೇಲೆ ಬಹುಕಾಲ ವಾಸಿಯಾಗದ ಗಾಯಗಳಿದ್ದ ಆ ಮಕ್ಕಳನ್ನು ಬೇರೆ ರೋಗಗಳೆಂದು ತಿಳಿದು ಚಿಕಿತ್ಸೆ ಮಾಡಲಾಗಿತ್ತು. ಕಾರಣವಾಗಿದ್ದುದು ಮಕ್ಕಳ ಮೈ ಒರೆಸುವ ಒದ್ದೆ ಕಾಗದದಲ್ಲಿದ್ದ ಎಂ.ಐ. ಅದನ್ನು ನಿಲ್ಲಿಸಿದಾಗ ಚರ್ಮ ವಾಸಿಯಾಯಿತು.

2017ರ ಫೆಬ್ರವರಿಯಿಂದ ಯುರೋಪಿನಲ್ಲಿ ಹಚ್ಚಿ ಹಾಗೆಯೇ ಬಿಡುವ ಕ್ರೀಮುಗಳಲ್ಲಿ ಎಂ.ಐ. ನಿಷೇಧವಾಯಿತು. 2018ರಿಂದ ತೊಳೆದು ಹಾಕುವ ಶಾಂಪೂಗಳಂಥವುಗಳಲ್ಲಿ ಮಿತಿ 15 ಭಾಗಕ್ಕೆ ಇಳಿಯಿತು. 2019ರಲ್ಲಿ ಅದೇ ಅಮೆರಿಕದ ಸಂಘ ಒಂದು ಹೊಸ ಮಾತು ಹೇಳಿತು. ಪ್ಯಾರಾಬೆನ್‌ಗಳನ್ನು ಅದು 'ವರ್ಷದ ಅಲರ್ಜಿಕಾರಕವಲ್ಲದ ಪದಾರ್ಥ' ಎಂದು ಹೆಸರಿಸಿತು. ಅಲರ್ಜಿಯ ಮಟ್ಟಿಗೆ ಹೇಳುವುದಾದರೆ ಹೊರಗಟ್ಟಿಸಿಕೊಂಡ ಹಳಬನೇ ಒಳಬಂದ ಹೊಸಬನಿಗಿಂತ ಮೇಲಾಗಿದ್ದ.

ನಿಸರ್ಗದ್ದೆಂಬ ನಂಬಿಕೆ

'ರಾಸಾಯನಿಕವೇ ಬೇಡ, ನಿಸರ್ಗದ್ದು ಸಾಕು' ಎನ್ನುವವರಿಗೂ ಚರಿತ್ರೆಯಲ್ಲಿ ಒಂದು ಪಾಠವಿದೆ. ಚಕೋತದ ಜಾತಿಯ ದ್ರಾಕ್ಷಿಹಣ್ಣಲ್ಲದ 'ಗ್ರೇಪ್‌ಫ್ರೂಟ್' ಎಂಬ ಹಣ್ಣಿನ ಬೀಜದ ಸಾರ ಒಳ್ಳೆಯ ನೈಸರ್ಗಿಕ ಸಂರಕ್ಷಕವೆಂದು ಪ್ರಚಾರವಾಗಿತ್ತು. 1999ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದವರು ಮಾರುಕಟ್ಟೆಯ ಆರು ಸಾರಗಳನ್ನು ಪರೀಕ್ಷಿಸಿದರು. ಐದು ಸೂಕ್ಷ್ಮಜೀವಿಗಳನ್ನು ತಡೆದವು. ಆ ಐದರಲ್ಲಿಯೂ ಬೆಂಜೆಥೋನಿಯಮ್ ಕ್ಲೋರೈಡ್ ಎಂಬ ಕೃತಕ ಪದಾರ್ಥವಿತ್ತು, ಕೆಲವದರಲ್ಲಿ ಟ್ರೈಕ್ಲೋಸಾನ್, ಮೀಥೈಲ್ ಪ್ಯಾರಾಬೆನ್ ಕೂಡ ಇದ್ದವು. ಯಾವ ಸಂರಕ್ಷಕವೂ ಇಲ್ಲದ ಆರನೆಯ ಸಾರ ಏನನ್ನೂ ತಡೆಯಲಿಲ್ಲ.

ನಿಸರ್ಗದಲ್ಲಿ ಸಂರಕ್ಷಕಗಳೇ ಇಲ್ಲವೆಂದು ಇದರರ್ಥವಲ್ಲ. ಸಾಂಬ್ರಾಣಿಯ ಆಮ್ಲವೇ ಅದಕ್ಕೆ ಸಾಕ್ಷಿ. ಆದರೆ ಮರದಿಂದ ಬಂದ ಬೆಂಜೋಯಿಕ್ ಆಮ್ಲದ ಅಣುವಿಗೂ ಕಾರ್ಖಾನೆಯಲ್ಲಿ ಮಾಡಿದ ಅದೇ ಅಣುವಿಗೂ ಬ್ಯಾಕ್ಟೀರಿಯ ಭೇದ ಎಣಿಸುವುದಿಲ್ಲ. ನಮ್ಮ ಚರ್ಮವೂ ಎಣಿಸುವುದಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ 1940ರ ಕಾಯ್ದೆ ಮೊದಲು ಔಷಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1962ರ ತಿದ್ದುಪಡಿಯಿಂದ ಸೌಂದರ್ಯಸಾಧನಗಳೂ ಅದರ ವ್ಯಾಪ್ತಿಗೆ ಬಂದವು. 2020ರಲ್ಲಿ ಸೌಂದರ್ಯಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಜಾರಿಯಾಯಿತು. ಯಾವ ಪದಾರ್ಥವನ್ನು ಬಳಸಬಾರದು, ಯಾವುದನ್ನು ಎಷ್ಟು ಬಳಸಬಹುದು ಎಂಬ ಪಟ್ಟಿಗಳು ಭಾರತೀಯ ಮಾನಕ ಬ್ಯೂರೋದ ಐ.ಎಸ್. 4707 ಎಂಬ ಮಾನಕದ ಎರಡನೆಯ ಭಾಗದಲ್ಲಿವೆ. ಪಾದರಸದ ಸಂಯುಕ್ತಗಳನ್ನು ಒಂದು ಕಾಲದಲ್ಲಿ ಕಣ್ಣಿನ ಸಾಧನಗಳಿಗೆ ಸಂರಕ್ಷಕವಾಗಿ ಹಾಕುವುದಿತ್ತು. ಪಾದರಸವನ್ನು ಕುರಿತ ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸೇರಿ, ಪಾದರಸ ಸೇರಿಸಿದ ಎಲ್ಲ ಸೌಂದರ್ಯಸಾಧನಗಳನ್ನೂ 2025ರೊಳಗೆ ಕೊನೆಗಾಣಿಸಲು ನಿರ್ಧರಿಸಿದವು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅದರ ಜಾಗದಲ್ಲಿ ಏನಿದೆ? ತಂಗಿ, ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ. ಮೊದಲ ಹೆಸರು ನೀರಾಗಿದ್ದರೆ ಪಟ್ಟಿಯ ಕೊನೆಯ ಭಾಗದಲ್ಲಿ ಒಬ್ಬ ಕಾವಲುಗಾರ ಇದ್ದೇ ಇರಬೇಕು. ಫೀನಾಕ್ಸಿ ಎಥನಾಲ್ ಇರಬಹುದು, ಸೋಡಿಯಂ ಬೆಂಜೋಯೇಟ್ ಇರಬಹುದು, ಮೇಲೆ ಹೇಳಿದ ಬೇರೆ ಯಾವುದಾದರೂ ಇರಬಹುದು. ತೆರೆದ ಡಬ್ಬಿಯ ಚಿತ್ರದೊಳಗೆ '12 ಎಂ' ಎಂದು ಇದ್ದರೆ, ಮುಚ್ಚಳ ತೆರೆದ ಮೇಲೆ 12 ತಿಂಗಳು ಮಾತ್ರ ಬಳಸಬಹುದೆಂದು ಅರ್ಥ. ಕಾವಲುಗಾರನ ಕೆಲಸವನ್ನು ನೀನೂ ಹಗುರ ಮಾಡಬಹುದು. ಒದ್ದೆ ಬೆರಳು ಅದ್ದಬೇಡ, ಗಟ್ಟಿಯಾಯಿತೆಂದು ನೀರು ಬೆರೆಸಬೇಡ, ಕಾಡಿಗೆಯನ್ನೂ ಮಸ್ಕಾರವನ್ನೂ ಗೆಳತಿಯರೊಡನೆ ಹಂಚಿಕೊಳ್ಳಬೇಡ. ಹಚ್ಚಿದ ಕಡೆ ತುರಿಕೆ, ಕೆಂಪು ಕಂಡರೆ ನಿಲ್ಲಿಸಿ, ಡಬ್ಬಿಯನ್ನೂ ಜೊತೆಗೆ ಹಿಡಿದು ವೈದ್ಯರ ಬಳಿಗೆ ಹೋಗು. ಹಿಂಬದಿಯ ಪಟ್ಟಿ ಅವರಿಗೆ ನಿನ್ನ ವರ್ಣನೆಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಡಬ್ಬಿಯ ಮುಂಬದಿ ಏನು ಇಲ್ಲವೆಂದು ಹೇಳುತ್ತದೆ, ಹಿಂಬದಿ ಏನು ಇದೆಯೆಂದು ಹೇಳುತ್ತದೆ. ನೀನು ಕೇಳಿದ್ದು ಹಿಂಬದಿಯ ಪ್ರಶ್ನೆ. 2005ರಲ್ಲಿ ಹೆಚ್ಚು ಜನ ಅದನ್ನು ಕೇಳಿದ್ದರೆ ಆ ಆರು ಮಕ್ಕಳ ಚರ್ಮ ಅಷ್ಟು ಕಾಲ ನರಳುತ್ತಿರಲಿಲ್ಲವೇನೋ.

ಚರ್ಚೆಗೆ

1. ನಿಮ್ಮ ಮನೆಯಲ್ಲಿರುವ ಸೌಂದರ್ಯಸಾಧನಗಳನ್ನು ನೀರು ಇರುವವು, ನೀರು ಇಲ್ಲದವು ಎಂದು ಎರಡು ಗುಂಪು ಮಾಡಿ. ಯಾವ ಗುಂಪಿನ ಹಿಂಬದಿಯಲ್ಲಿ ಸಂರಕ್ಷಕಗಳ ಹೆಸರು ಹೆಚ್ಚು ಕಾಣುತ್ತದೆ?

2. 2004ರ ಅಧ್ಯಯನವನ್ನು ಮತ್ತೆ ಮಾಡುವ ಅವಕಾಶ ನಿಮಗೆ ಸಿಕ್ಕರೆ ಯಾವ ಹೋಲಿಕೆಯನ್ನು ಸೇರಿಸುತ್ತೀರಿ?

3. ಒಂದು ಪದಾರ್ಥದ ಮೇಲೆ ಅನುಮಾನ ಬಂದಾಗ ಅದನ್ನು ಕೂಡಲೇ ತೆಗೆಯಬೇಕೋ, ಬದಲಿಯಾಗಿ ಬರುವುದನ್ನು ಪರೀಕ್ಷಿಸುವವರೆಗೆ ಕಾಯಬೇಕೋ? ಎರಡೂ ಪಕ್ಷ ವಹಿಸಿ ತರಗತಿಯಲ್ಲಿ ವಾದಿಸಿ.